ಸರಕಿಗಿಂತ ಮೊದಲು ಹೆಸರು ಹಡಗು ಹತ್ತಲಿ

ಆಸ್ಟ್ರೇಲಿಯಾದಲ್ಲಿ ಬರ್ಗರ್ ಕಿಂಗ್ ಹುಡುಕಿಕೊಂಡು ಹೋದವರಿಗೆ ಸಿಗುವುದು 'ಹಂಗ್ರಿ ಜ್ಯಾಕ್ಸ್'. ತಿನಿಸು ಅದೇ, ಮೆನು ಹೆಚ್ಚುಕಡಿಮೆ ಅದೇ, ಬೋರ್ಡು ಮಾತ್ರ ಬೇರೆ. ಆ ಅಮೆರಿಕನ್ ಕಂಪನಿ 1971ರಲ್ಲಿ ಪರ್ತ್ ನಗರಕ್ಕೆ ಕಾಲಿಡುವ ಹೊತ್ತಿಗೆ ಅಡಿಲೇಡ್‌ನ ಒಂದು ಪುಟ್ಟ ಅಂಗಡಿಯವರು ಬರ್ಗರ್ ಕಿಂಗ್ ಎಂಬ ಹೆಸರನ್ನು ತಮ್ಮದಾಗಿ ನೋಂದಾಯಿಸಿಕೊಂಡಾಗಿತ್ತು. ಅಷ್ಟು ದೊಡ್ಡ ಕಂಪನಿ ತನ್ನ ಹೆಸರನ್ನೇ ಬಿಟ್ಟು ವ್ಯಾಪಾರ ಶುರುಮಾಡಬೇಕಾಯಿತು.

ನಮ್ಮಲ್ಲಿ ಅಗರಬತ್ತಿ, ಕಾಫಿಪುಡಿ, ಮಸಾಲೆ, ಆಯುರ್ವೇದ ತೈಲ, ಸಾಫ್ಟ್‌ವೇರ್ ಹೊರಗೆ ಕಳಿಸುವವರ ಪಟ್ಟಿ ನೋಡಿ. ರಫ್ತು ಕೋಡ್ ಆಯಿತು, ಪ್ಯಾಕಿಂಗ್ ಆಯಿತು, ಬ್ಯಾಂಕಿನ ಕಾಗದ ಆಯಿತು, ಕಂಟೇನರ್ ಬುಕ್ ಆಯಿತು. ಟ್ರೇಡ್‌ಮಾರ್ಕ್? 'ವ್ಯಾಪಾರ ಕುದುರಲಿ, ಆಮೇಲೆ ನೋಡೋಣ.' ಈ ಕ್ರಮ ತಿರುವುಮುರುವಾಗಿದೆ. ಅದನ್ನು ಸರಿಪಡಿಸಲು ಕೆಲವು ಸೂತ್ರಗಳು ಇಲ್ಲಿವೆ.

1. ಭಾರತದ ಸರ್ಟಿಫಿಕೇಟು ಭಾರತಕ್ಕೆ ಮಾತ್ರ

ಟ್ರೇಡ್‌ಮಾರ್ಕ್ ಹಕ್ಕು ದೇಶದ ಗಡಿಯಲ್ಲಿ ನಿಂತುಬಿಡುತ್ತದೆ. 'ನಮ್ಮದು ಐವತ್ತು ವರ್ಷದ ಬ್ರಾಂಡು, ಎಲ್ಲರಿಗೂ ಗೊತ್ತು' ಎಂಬ ಮಾತು ದುಬೈಯಲ್ಲೂ ಡಲ್ಲಾಸ್‌ನಲ್ಲೂ ನಡೆಯುವುದಿಲ್ಲ. ಇದನ್ನು ನಮ್ಮ ಸುಪ್ರೀಂ ಕೋರ್ಟೇ 2017ರಲ್ಲಿ ಟೊಯೊಟಾ ಕಂಪನಿಗೆ ಹೇಳಿತು. ಟೊಯೊಟಾ 1997ರಲ್ಲೇ ಜಪಾನಿನಲ್ಲಿ ಪ್ರಿಯಸ್ ಕಾರು ಬಿಟ್ಟಿತ್ತು. ದೆಹಲಿಯ ಬಿಡಿಭಾಗಗಳ ಕಂಪನಿಯೊಂದು ಅದೇ ಹೆಸರನ್ನು ಇಲ್ಲಿ ನೋಂದಾಯಿಸಿಕೊಂಡಿತ್ತು. ಜಗತ್ತಿನಲ್ಲಿ ಪ್ರಸಿದ್ಧವಾದರೆ ಸಾಲದು, ಆ ಕಾಲಕ್ಕೆ ಭಾರತದಲ್ಲಿ ಹೆಸರು ಮಾಡಿದ್ದಕ್ಕೆ ಸಾಕ್ಷಿ ಕೊಡಿ ಎಂದಿತು ನ್ಯಾಯಾಲಯ. ಟೊಯೊಟಾ ಕೈಯಲ್ಲಿ ಸಾಲುವಷ್ಟು ಸಾಕ್ಷಿ ಇರಲಿಲ್ಲ. ಟೊಯೊಟಾಗೆ ಇಲ್ಲದ ರಿಯಾಯಿತಿ ಹೊರದೇಶದಲ್ಲಿ ನಮಗೆ ಸಿಕ್ಕೀತೇ?

2. ಖಾತೆ ಯಾರ ಹೆಸರಲ್ಲಿದೆ ನೋಡಿ

ಸೈಟು ಮಾರಲು ಹೊರಟವರು ಮೊದಲು ಖಾತೆ ತೆಗೆದು ನೋಡುತ್ತಾರಲ್ಲ, ಇಲ್ಲಿಯೂ ಅದನ್ನೇ ಮಾಡಿ. ಅಪ್ಪ ತಮ್ಮ ಹೆಸರಲ್ಲಿ ಅರ್ಜಿ ಹಾಕಿದ್ದರು, ಆಮೇಲೆ ಪಾಲುದಾರಿಕೆ ಆಯಿತು, ಈಗ ಪ್ರೈವೇಟ್ ಲಿಮಿಟೆಡ್ ಆಗಿದೆ. ರಿಜಿಸ್ಟ್ರಿಯಲ್ಲಿ ಮಾತ್ರ ಇನ್ನೂ ಅಪ್ಪನ ಹೆಸರೇ ಕೂತಿದೆ. ಇದು ನಮ್ಮ ಕುಟುಂಬದ ಉದ್ಯಮಗಳಲ್ಲಿ ತೀರಾ ಸಾಮಾನ್ಯ. ಹೊರದೇಶದ ಅರ್ಜಿ ಭಾರತದ ಅರ್ಜಿಯ ಮೇಲೆ ನಿಲ್ಲುವುದಾದರೆ ಎರಡರ ಮಾಲೀಕರೂ ಒಬ್ಬರೇ ಆಗಿರಬೇಕು, ಗುರುತೂ ಒಂದೇ ಆಗಿರಬೇಕು. ಕರ್ನಾಟಕದವರ ಅರ್ಜಿಗಳು ಚೆನ್ನೈ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವ್ಯಾಪ್ತಿಗೆ ಬರುತ್ತವೆ. ಮಾಲೀಕರ ಹೆಸರು ಬದಲಾಯಿಸುವ ಅರ್ಜಿಯನ್ನು ಮೊದಲು ಅಲ್ಲಿ ಮುಗಿಸಿಕೊಳ್ಳಿ.

ಕೊಳ್ಳುವವರೂ ಇದೇ ಎಚ್ಚರ ವಹಿಸಬೇಕು. ಐಪ್ಯಾಡ್ ಎಂಬ ಹೆಸರನ್ನು ಪ್ರೋವ್ಯೂ ಎಂಬ ಕಂಪನಿ ಸಮೂಹದ ತೈವಾನ್ ಶಾಖೆಯಿಂದ ಆಪಲ್ 2009ರಲ್ಲಿ ಕೊಂಡಿತು. ಆದರೆ ಚೀನಾದ ನೋಂದಣಿ ಇದ್ದದ್ದು ಅದೇ ಸಮೂಹದ ಶೆನ್‌ಜೆನ್ ಕಂಪನಿಯ ಹೆಸರಲ್ಲಿ. 2012ರಲ್ಲಿ ರಾಜಿ ಮಾಡಿಕೊಳ್ಳಲು ಆಪಲ್ ತೆತ್ತದ್ದು 6 ಕೋಟಿ ಡಾಲರ್.

3. ಆರು ತಿಂಗಳ ಕಿಟಕಿ ಬಿಡಬೇಡಿ

ಭಾರತದಲ್ಲಿ ಮೊದಲ ಅರ್ಜಿ ಹಾಕಿದ ದಿನದಿಂದ ಆರು ತಿಂಗಳೊಳಗೆ, ಟ್ರೇಡ್‌ಮಾರ್ಕ್, ಪೇಟೆಂಟುಗಳ ರಕ್ಷಣೆಯ ಪ್ಯಾರಿಸ್ ಒಪ್ಪಂದಕ್ಕೆ ಸೇರಿದ ಇನ್ನೊಂದು ದೇಶದಲ್ಲಿ ಅರ್ಜಿ ಹಾಕಿದರೆ, ಅಲ್ಲಿಯೂ ನಿಮಗೆ ಭಾರತದ ತಾರೀಖೇ ಸಿಗುತ್ತದೆ. ಜನವರಿ 10ಕ್ಕೆ ಇಲ್ಲಿ ಅರ್ಜಿ, ಜುಲೈ 10ರೊಳಗೆ ಅಲ್ಲಿ ಅರ್ಜಿ. ನಡುವೆ ಮಾರ್ಚಿನಲ್ಲಿ ಯಾರೋ ನಿಮ್ಮ ಹೆಸರಿಗೆ ಕೈ ಹಾಕಿದ್ದರೂ ಸರದಿಯಲ್ಲಿ ನೀವೇ ಮುಂದೆ. ಭಾರತ ಈ ಒಪ್ಪಂದ ಸೇರಿದ್ದು 1998ರ ಡಿಸೆಂಬರ್‌ನಲ್ಲಿ. ಹೊಸ ಬ್ರಾಂಡು ಹುಟ್ಟುಹಾಕುವವರು ರಫ್ತಿನ ಯೋಚನೆಯನ್ನು ಈ ಆರು ತಿಂಗಳೊಳಗೆ ಮುಗಿಸುವುದು ಜಾಣತನ. ಗಡುವು ಮೀರಿದರೂ ಅರ್ಜಿ ಹಾಕಬಹುದು, ಹಳೆಯ ತಾರೀಖು ಮಾತ್ರ ಸಿಗುವುದಿಲ್ಲ.

4. ಭೂಪಟ ನೋಡಬೇಡಿ, ಬಿಲ್ ಪುಸ್ತಕ ನೋಡಿ

'ಐವತ್ತು ದೇಶಗಳಲ್ಲಿ ನೋಂದಣಿ' ಎಂದು ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳುವ ಆಸೆ ಕೆಲವರಿಗಿದೆ. ಹಣ ಪೋಲು. ಮೂರು ಪ್ರಶ್ನೆ ಕೇಳಿಕೊಳ್ಳಿ: ಈಗ ಎಲ್ಲಿ ಮಾರುತ್ತಿದ್ದೀರಿ? ಎರಡು ಮೂರು ವರ್ಷದಲ್ಲಿ ಎಲ್ಲಿ ಮಾರುತ್ತೀರಿ? ನಕಲಿ ಮಾಲು ಎಲ್ಲಿ ತಯಾರಾಗುತ್ತದೆ ಅಥವಾ ಎಲ್ಲಿಂದ ಹಾದುಹೋಗುತ್ತದೆ? ಮೂರನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಚೀನಾದಲ್ಲಿ ನೀವು ಒಂದು ಡಬ್ಬಿಯನ್ನೂ ಮಾರದಿದ್ದರೂ ನಿಮ್ಮ ಡಬ್ಬಿಯನ್ನೇ ಯಾರೋ ಅಲ್ಲಿ ಅಚ್ಚು ಹಾಕಿಸುತ್ತಿರಬಹುದು.

5. ಹುಡುಕಾಟಕ್ಕೆ ಕಾಸು ಬೇಡ

ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ, ಅಂದರೆ ವೈಪೋದ, ಗ್ಲೋಬಲ್ ಬ್ರಾಂಡ್ ಡೇಟಾಬೇಸ್ ಉಚಿತ. ಯುರೋಪಿನವರ ಟಿಎಂವ್ಯೂ ಕೂಡ ಉಚಿತ. ಒಂದು ಭಾನುವಾರ ಮಧ್ಯಾಹ್ನ ಕೂತು ನಿಮ್ಮ ಹೆಸರನ್ನು ನಾಲ್ಕಾರು ಸ್ಪೆಲಿಂಗ್‌ನಲ್ಲಿ ಹುಡುಕಿ. ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಬಗೆ ಬರೆಯುತ್ತಾರೆ, ಆದರೆ ಟ್ರೇಡ್‌ಮಾರ್ಕ್ ಕಚೇರಿಯ ಪರೀಕ್ಷಕರು ಉಚ್ಚಾರಣೆಯನ್ನೂ ಹೋಲಿಸಿ ನೋಡುತ್ತಾರೆ. ಗಂಭೀರ ಹೂಡಿಕೆ ಮಾಡುವ ದೇಶಕ್ಕೆ ಅಲ್ಲಿನ ವಕೀಲರ ಅಭಿಪ್ರಾಯ ಬೇಕೇ ಬೇಕು.

6. ಡೀಲರ್ ಕೈಗೆ ಮಾಲು ಕೊಡಿ, ಹೆಸರು ಕೊಡಬೇಡಿ

ಇಷ್ಟೂ ಸೂತ್ರಗಳಲ್ಲಿ ಒಂದನ್ನೇ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಹೊರದೇಶದಲ್ಲಿ ಬ್ರಾಂಡು ಕೈತಪ್ಪುವುದು ಹೆಚ್ಚಾಗಿ ಅಪರಿಚಿತ ಕಳ್ಳರಿಂದಲ್ಲ, ನಮ್ಮ ಮಾಲನ್ನೇ ಮಾರುವ ಡಿಸ್ಟ್ರಿಬ್ಯೂಟರ್‌ಗಳಿಂದ.

ಮಾತು ಶುರುವಾಗುವುದು ಸಹಾಯದ ಧಾಟಿಯಲ್ಲಿ. 'ಇಲ್ಲಿನ ಕಾನೂನು ನಿಮಗೆ ತಿಳಿಯಲ್ಲ ಸಾರ್, ಖರ್ಚೂ ನಮ್ಮದೇ ಇರಲಿ, ನಮ್ಮ ಕಂಪನಿ ಹೆಸರಲ್ಲೇ ರಿಜಿಸ್ಟರ್ ಮಾಡಿಸ್ತೀವಿ.' ಕೆಲವೊಮ್ಮೆ ಇದರಲ್ಲಿ ಕಪಟವೂ ಇರುವುದಿಲ್ಲ. ನಕಲಿ ಮಾಲು ತಡೆಯಲು ಅವರಿಗೂ ನೋಂದಣಿ ಬೇಕಿರುತ್ತದೆ. ಐದು ವರ್ಷ ಕಳೆಯುತ್ತದೆ. ದರದ ಮೇಲೆ ಜಗಳವಾಗಿ ನೀವು ಬೇರೆ ಡೀಲರ್ ಹುಡುಕುತ್ತೀರಿ. ಆಗ ನಿಮ್ಮದೇ ಕಂಟೇನರನ್ನು ಹಳೆಯ ಡೀಲರ್ ಬಂದರಿನಲ್ಲಿ ತಡೆಹಿಡಿಸಬಹುದು, ಏಕೆಂದರೆ ಆ ದೇಶದ ದಾಖಲೆಯಲ್ಲಿ ಬ್ರಾಂಡಿನ ಒಡೆಯ ಅವನು.

ಪ್ಯಾರಿಸ್ ಒಪ್ಪಂದದಲ್ಲಿ ಇದಕ್ಕೆ ಮದ್ದಿದೆ. ಮಾಲೀಕರ ಅನುಮತಿಯಿಲ್ಲದೆ ಏಜೆಂಟ್ ತನ್ನ ಹೆಸರಲ್ಲಿ ನೋಂದಾಯಿಸಿದರೆ ಮಾಲೀಕರು ಅದನ್ನು ವಿರೋಧಿಸಬಹುದು, ರದ್ದುಮಾಡಿಸಬಹುದು, ಕೆಲವು ದೇಶಗಳಲ್ಲಿ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬಹುದು. ಆದರೆ 'ಅನುಮತಿಯಿಲ್ಲದೆ' ಎಂಬ ಮಾತು ಗಮನಿಸಿ. 'ಆಗಲಿ, ನೀವೇ ಮಾಡಿಸಿ' ಎಂದು ನೀವು ಕಳಿಸಿದ ಒಂದು ಸಾಲಿನ ವಾಟ್ಸಾಪ್ ಮೆಸೇಜು ಎದುರು ಪಕ್ಷದ ವಕೀಲರ ಕೈಗೆ ಸಿಕ್ಕರೆ ಮದ್ದಿನ ಅರ್ಧ ಶಕ್ತಿ ಹೋಯಿತು.

ಆದ್ದರಿಂದ ಮೊದಲ ಸ್ಯಾಂಪಲ್ ಕಳಿಸುವ ಮುನ್ನವೇ ಅರ್ಜಿ ಹಾಕಿ. ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿ: ಹೆಸರು, ಲೋಗೋ, ಲೇಬಲ್, ಡೊಮೇನ್, ಸೋಶಿಯಲ್ ಮೀಡಿಯಾ ಖಾತೆ, ಅಲ್ಲಿನ ಲಿಪಿಯಲ್ಲಿ ಬರೆದ ಹೆಸರು, ಎಲ್ಲವೂ ಕಂಪನಿಯದು, ಡೀಲರ್‌ಗೆ ಇರುವುದು ಕರಾರು ಮುಗಿಯುವವರೆಗೆ ಬಳಸುವ ಅನುಮತಿ ಮಾತ್ರ. ಆಹಾರ ಅಥವಾ ಸೌಂದರ್ಯವರ್ಧಕದ ಸ್ಥಳೀಯ ಪರವಾನಗಿ ಕೆಲವು ದೇಶಗಳಲ್ಲಿ ಆಮದುದಾರರ ಹೆಸರಿನಲ್ಲೇ ಇರಬೇಕಾಗುತ್ತದೆ. ಇರಲಿ, ಅದು ಬೇರೆ ಕಾಗದ. ಎರಡನ್ನೂ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸಕ್ಕೆ ವಕೀಲರ ಫೀಸು ಹತ್ತು ಪಟ್ಟು.

7. ಮ್ಯಾಡ್ರಿಡ್ ದಾರಿಯೋ, ನೇರ ದಾರಿಯೋ

ಎರಡು ದಾರಿಗಳಿವೆ. ಒಂದು, ಆಯಾ ದೇಶದ ವಕೀಲರ ಮೂಲಕ ನೇರವಾಗಿ ಅರ್ಜಿ. ಇನ್ನೊಂದು, ಮ್ಯಾಡ್ರಿಡ್ ವ್ಯವಸ್ಥೆ. ಇದಕ್ಕೆ ಭಾರತ ಸೇರಿದ್ದು 2013ರ ಜುಲೈ 8ರಂದು. ಭಾರತದ ನಿಮ್ಮ ಅರ್ಜಿ ಅಥವಾ ನೋಂದಣಿಯನ್ನು ತಳಪಾಯ ಮಾಡಿಕೊಂಡು, ಇಲ್ಲಿನ ರಿಜಿಸ್ಟ್ರಿಯ ಮೂಲಕ ಜಿನೀವಾದ ವೈಪೋಗೆ ಒಂದೇ ಅರ್ಜಿ, ಒಂದೇ ಭಾಷೆ, ಒಂದೇ ಪಾವತಿ. ಬೇಕಾದ ದೇಶಗಳಿಗೆ ಟಿಕ್ ಹಾಕುತ್ತೀರಿ, 120ಕ್ಕೂ ಹೆಚ್ಚು ದೇಶಗಳಿಂದ ಆರಿಸಿಕೊಳ್ಳಬಹುದು. ಇಲ್ಲಿನ ರಿಜಿಸ್ಟ್ರಿಗೆ 5,000 ರೂಪಾಯಿ. ವೈಪೋಗೆ ಮೂಲ ಶುಲ್ಕ ಕಪ್ಪುಬಿಳುಪು ಗುರುತಿಗೆ 653 ಸ್ವಿಸ್ ಫ್ರಾಂಕ್, ಬಣ್ಣದ್ದಾದರೆ 903. ಅದರ ಮೇಲೆ ಪ್ರತಿ ದೇಶಕ್ಕೆ 100 ಫ್ರಾಂಕ್ ಅಥವಾ ಆ ದೇಶವೇ ಗೊತ್ತುಮಾಡಿದ ಶುಲ್ಕ. ಅರ್ಜಿಗೆ ಮುಂಚೆ ವೈಪೋದ ಶುಲ್ಕ ಲೆಕ್ಕ ಹಾಕುವ ಪುಟದಲ್ಲಿ ಇವತ್ತಿನ ಮೊತ್ತ ನೋಡಿಕೊಳ್ಳಿ. ಲೋಗೋದಲ್ಲಿ ಬಣ್ಣವೇ ಪ್ರಾಣವಲ್ಲದಿದ್ದರೆ ಕಪ್ಪುಬಿಳುಪೇ ಸಾಕು.

ಇಲ್ಲಿ ಒಂದು ದೊಡ್ಡ ತಪ್ಪುಕಲ್ಪನೆ ಇದೆ. ಜಿನೀವಾದಿಂದ ನಂಬರ್ ಮತ್ತು ಸರ್ಟಿಫಿಕೇಟು ಬಂದ ಕೂಡಲೇ 'ಅಂತಾರಾಷ್ಟ್ರೀಯ ನೋಂದಣಿ ಆಯಿತು' ಎಂದು ಸಿಹಿ ಹಂಚುತ್ತಾರೆ. ಆ ಕಾಗದ ಅರ್ಜಿ ಸರಿಯಾಗಿ ದಾಖಲಾಗಿದೆ ಎನ್ನುತ್ತದೆ, ಅಷ್ಟೆ. ಹಕ್ಕು ಕೊಡಬೇಕಾದದ್ದು ಆಯಾ ದೇಶ. ಅದಕ್ಕೆ ದೇಶಗಳಿಗೆ 12 ಅಥವಾ 18 ತಿಂಗಳ ಕಾಲಾವಕಾಶ ಇದೆ. ತಿರಸ್ಕಾರದ ನೋಟಿಸ್ ಬಂದರೆ ಅಲ್ಲಿನ ವಕೀಲರನ್ನು ಹಿಡಿಯಲೇಬೇಕು, ಉಳಿಸಿದ ಹಣ ಆಗ ಕರಗುತ್ತದೆ. ಚೀನಾದಲ್ಲಂತೂ ತಿರಸ್ಕಾರ ಪ್ರಶ್ನಿಸಲು ಸಿಗುವುದು 15 ದಿನ.

ಇನ್ನೊಂದು ಅಪಾಯ: ಮೊದಲ ಐದು ವರ್ಷ ಎಲ್ಲ ದೇಶಗಳ ಹಕ್ಕೂ ಭಾರತದ ಅರ್ಜಿಗೆ ಜೋತುಬಿದ್ದಿರುತ್ತದೆ. ಇಲ್ಲಿ ಅದು ತಿರಸ್ಕೃತವಾದರೆ ಅಥವಾ ರದ್ದಾದರೆ ಅಲ್ಲಿಯೂ ಅಷ್ಟೂ ಬಿತ್ತು. ಮೂರು ತಿಂಗಳೊಳಗೆ ಆಯಾ ದೇಶದಲ್ಲಿ ನೇರ ಅರ್ಜಿಯಾಗಿ ಬದಲಿಸಿಕೊಂಡರೆ ತಾರೀಖು ಉಳಿಯುತ್ತದೆ, ಶುಲ್ಕ ಮಾತ್ರ ಮತ್ತೆ ಕಟ್ಟಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಭಾರತದ ನೋಂದಣಿ ಗಟ್ಟಿಯಾಗಿದ್ದು ನಾಲ್ಕಕ್ಕಿಂತ ಹೆಚ್ಚು ದೇಶ ಬೇಕಿದ್ದರೆ ಮ್ಯಾಡ್ರಿಡ್. ಒಂದೆರಡು ದೇಶ ಸಾಕಿದ್ದರೆ, ಅಥವಾ ಇಲ್ಲಿನ ಅರ್ಜಿಗೆ ಯಾರಾದರೂ ವಿರೋಧ ಸಲ್ಲಿಸಿದ್ದರೆ, ನೇರ ದಾರಿ. ನೇಪಾಳ, ದಕ್ಷಿಣ ಆಫ್ರಿಕಾದಂಥ ದೇಶಗಳು ಮ್ಯಾಡ್ರಿಡ್‌ನಲ್ಲಿ ಇಲ್ಲದ್ದರಿಂದ ಅಲ್ಲಿಗೆ ನೇರ ದಾರಿಯೊಂದೇ.

8. ಗಲ್ಫ್ ಎಂದರೆ ಒಂದು ದೇಶವಲ್ಲ

ಯುರೋಪಿಯನ್ ಒಕ್ಕೂಟದಲ್ಲಿ ಒಂದೇ ಅರ್ಜಿ 27 ದೇಶಗಳಿಗೆ ಸಾಕು. ಸ್ಪೇನಿನ ಅಲಿಕಾಂಟೆಯಲ್ಲಿ ಅದರ ಕಚೇರಿ, ಸರಕಿನ ಒಂದು ವರ್ಗಕ್ಕೆ, ಅಂದರೆ ಕ್ಲಾಸಿಗೆ, 850 ಯೂರೋ. ಬ್ರಿಟನ್ ಒಕ್ಕೂಟದಿಂದ ಹೊರಬಿದ್ದ ಮೇಲೆ, 2021ರಿಂದ, ಅದಕ್ಕೆ ಪ್ರತ್ಯೇಕ ಅರ್ಜಿ. ಗಲ್ಫ್‌ನಲ್ಲಿ ಹಾಗೆ ಒಂದೇ ಅರ್ಜಿಯ ಸೌಲಭ್ಯವಿಲ್ಲ. ದುಬೈ ಇರುವ ಯುಎಇ 2021ರ ಡಿಸೆಂಬರ್ ಕೊನೆಗೆ ಮ್ಯಾಡ್ರಿಡ್ ಸೇರಿತು, ಕತಾರ್ 2024ರ ಆಗಸ್ಟ್‌ನಲ್ಲಿ. ಆದರೆ ಮ್ಯಾಡ್ರಿಡ್‌ನಲ್ಲೂ ಪ್ರತಿ ದೇಶಕ್ಕೆ ಬೇರೆಯಾಗಿ ಟಿಕ್ ಹಾಕಬೇಕು; ದುಬೈ ನೋಂದಣಿ ತೋರಿಸಿ ಕತಾರಿನ ದೋಹಾದಲ್ಲಿ ಹಕ್ಕು ಕೇಳಲಾಗದು.

9. ಕ್ಲಾಸಿನ ಲೆಕ್ಕ

ಟ್ರೇಡ್‌ಮಾರ್ಕ್ ಅರ್ಜಿಗೆಂದು ಸರಕು, ಸೇವೆಗಳನ್ನು ಕ್ಲಾಸುಗಳಾಗಿ ವಿಂಗಡಿಸಿದ್ದಾರೆ: ಸರಕಿಗೆ 34, ಸೇವೆಗೆ 11, ಒಟ್ಟು 45. ಅಗರಬತ್ತಿ 3ನೇ ಕ್ಲಾಸು. ಕಾಫಿಪುಡಿ, ಸಾಂಬಾರ್ ಪುಡಿ 30. ತುಪ್ಪ, ಉಪ್ಪಿನಕಾಯಿ 29. ಹೋಟೆಲ್ 43. ತಲೆಗೆ ಹಚ್ಚುವ ತೈಲ ಸೌಂದರ್ಯಕ್ಕಾದರೆ 3, ಔಷಧಿಯಾದರೆ 5; ಆಯುರ್ವೇದದವರು ಇಲ್ಲಿಯೇ ಎಡವುವುದು. ಅಮೆರಿಕದವರಿಗೆ 'ಎಲ್ಲ ಬಗೆಯ ಆಹಾರ ಪದಾರ್ಥ' ಎಂದು ಬರೆದು ಕಳಿಸಿದರೆ ಆಕ್ಷೇಪಣೆ ಖಚಿತ. ಏನು ಮಾರುತ್ತೀರೋ ಅದನ್ನೇ ಬಿಡಿಸಿ ಬರೆಯಿರಿ.

10. ದೇವರ ಹೆಸರು, ಊರ ಹೆಸರು, ಗುಣದ ಹೆಸರು

ಇವು ಮೂರೂ ನಮ್ಮವರಿಗೆ ಬಹಳ ಇಷ್ಟ, ಮೂರೂ ದುರ್ಬಲ. ಶುದ್ಧ, ತಾಜಾ, ರುಚಿ ಎಂಬಂಥ ಪದ ಅಮೆರಿಕದ ಪರೀಕ್ಷಕರಿಗೆ ಅರ್ಥವಾಗದೆಂದು ಭಾವಿಸಬೇಡಿ. ಅವರು ಇಂಗ್ಲಿಷಿಗೆ ಅನುವಾದಿಸಿ ನೋಡುತ್ತಾರೆ, ಅರ್ಥ ಸರಕಿನ ಗುಣವನ್ನೇ ಹೇಳಿದರೆ ನಿರಾಕರಿಸುತ್ತಾರೆ.

ದೇವರ ವಿಷಯ ಇನ್ನೂ ಸೂಕ್ಷ್ಮ. 'ರಾಮಾಯಣ' ಎಂಬ ಹೆಸರನ್ನು ಅಗರಬತ್ತಿಗೆ ಯಾರೊಬ್ಬರೂ ತಮ್ಮದೇ ಎಂದು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಭಾರತದಲ್ಲೇ ಅಲುಗಾಡುವ ಹೆಸರನ್ನು ತಳಪಾಯ ಮಾಡಿಕೊಂಡು ಮ್ಯಾಡ್ರಿಡ್‌ಗೆ ಹೋದರೆ ಏನಾಗುತ್ತದೆ ಎಂಬುದನ್ನು 7ನೇ ಸೂತ್ರದಲ್ಲಿ ನೋಡಿದಿರಿ. ಇತ್ತ ಯುಎಇಯ ಕಾನೂನು ಶುದ್ಧ ಧಾರ್ಮಿಕ ಚಿಹ್ನೆಗಳನ್ನು ಟ್ರೇಡ್‌ಮಾರ್ಕ್ ಆಗಿ ಒಪ್ಪುವುದಿಲ್ಲ. ಪೊಟ್ಟಣದ ಮೇಲೆ ಗಣಪತಿ, ಓಂಕಾರ ಇಟ್ಟುಕೊಂಡವರು ರಫ್ತಿಗೆಂದೇ ಬೇರೆ ಗುರುತು, ಸಾಧ್ಯವಾದರೆ ಯಾವ ನಿಘಂಟಿನಲ್ಲೂ ಇಲ್ಲದ ಹೊಸ ಪದ, ರೂಪಿಸಿಕೊಳ್ಳುವುದು ಒಳ್ಳೆಯದು.

ಕನ್ನಡ ಲಿಪಿಯ ಲೋಗೋ ನೋಂದಾಯಿಸಲು ಅಡ್ಡಿಯಿಲ್ಲ, ರೋಮನ್ ಅಕ್ಷರದಲ್ಲಿ ಅದರ ಉಚ್ಚಾರಣೆ ಕೊಡಬೇಕಾಗುತ್ತದೆ. ಹೊರದೇಶದ ಗಿರಾಕಿಗಳು ಓದುವ ರೂಪವನ್ನೂ ಜೊತೆಗೆ ನೋಂದಾಯಿಸಿ.

11. ಚೀನಾದಲ್ಲಿ ಮೊದಲು ಬಂದವರಿಗೆ ಮೊದಲ ಮಣೆ

ಭಾರತದಲ್ಲಿ ಮೊದಲು ಬಳಸಿದವರಿಗೆ ಬಲ. ಚೀನಾದಲ್ಲಿ ಮೊದಲು ಅರ್ಜಿ ಹಾಕಿದವರಿಗೆ. ಈ ವ್ಯತ್ಯಾಸ ತಿಳಿಯದೆ ಹೋದವರ ಸಾಲು ಉದ್ದವಿದೆ. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಹೆಸರಿನ ಚೀನೀ ರೂಪ 'ಚ್ಯಾವ್‌ದಾನ್' ಅನ್ನು ಅಲ್ಲಿನ ಕ್ರೀಡಾ ಉಡುಪಿನ ಕಂಪನಿಯೊಂದು ನೋಂದಾಯಿಸಿಕೊಂಡಿತ್ತು. 2012ರಲ್ಲಿ ಶುರುವಾದ ದಾವೆಯಲ್ಲಿ ಚೀನೀ ಅಕ್ಷರಗಳ ಮಟ್ಟಿಗೆ ಆತನಿಗೆ ನ್ಯಾಯ ಸಿಕ್ಕಿದ್ದು 2016ರ ಕೊನೆಗೆ, ಅದೂ ಸರ್ವೋಚ್ಚ ನ್ಯಾಯಾಲಯದಲ್ಲಿ. ಕೆಟ್ಟ ಉದ್ದೇಶದ ಅರ್ಜಿಗಳ ವಿರುದ್ಧ ಚೀನಾ 2019ರಲ್ಲಿ ಕಾನೂನು ಬಿಗಿ ಮಾಡಿದೆ, ಆದರೂ ಮೊದಲು ಹೋಗುವುದೇ ಅಗ್ಗ. ಚೀನೀ ಅಕ್ಷರದ ಹೆಸರನ್ನು ನೀವೇ ಇಟ್ಟುಕೊಳ್ಳಿ. ನೀವು ಇಡದಿದ್ದರೆ ಗಿರಾಕಿಗಳು ಇಡುತ್ತಾರೆ, ಇನ್ಯಾರೋ ನೋಂದಾಯಿಸಿಕೊಳ್ಳುತ್ತಾರೆ.

12. ಅಮೆರಿಕಕ್ಕೆ ಅಲ್ಲಿನ ಅಟಾರ್ನಿ ಕಡ್ಡಾಯ

2019ರ ಆಗಸ್ಟ್‌ನಿಂದ ಹೊರದೇಶದವರ ಪರವಾಗಿ ಅಲ್ಲಿನ ಪರವಾನಗಿ ಪಡೆದ ಅಟಾರ್ನಿಯೇ ಇರಬೇಕು. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ ಸಾಫ್ಟ್‌ವೇರ್ ಎಂಜಿನಿಯರಾದರೆ ಸಾಲದು. ಅಮೆಜಾನ್‌ನಲ್ಲಿ ಮಾರುವವರಿಗೆ ಅಲ್ಲಿನ ಅರ್ಜಿ ಇನ್ನೂ ಮುಖ್ಯ. ಬ್ರಾಂಡಿನ ಮಾಲೀಕರಿಗೆ ಅಮೆಜಾನ್ ಕೊಡುವ ಬ್ರಾಂಡ್ ರಿಜಿಸ್ಟ್ರಿ ಸೌಲಭ್ಯ ಸಿಗುವುದು ಆಯಾ ದೇಶದ ಟ್ರೇಡ್‌ಮಾರ್ಕ್ ಆಧಾರದ ಮೇಲೆ.

13. ನೋಂದಾಯಿಸಿದ್ದನ್ನು ಬಳಸಿ, ಇಲ್ಲವೇ ಕಳೆದುಕೊಳ್ಳಿ

ಬುಖಾರಾ ಪ್ರಕರಣ ಪ್ರತಿಯೊಬ್ಬ ರಫ್ತುದಾರರಿಗೂ ಗೊತ್ತಿರಬೇಕು. ದೆಹಲಿಯ ಮೌರ್ಯ ಹೋಟೆಲಿನಲ್ಲಿ ಐಟಿಸಿಯ ಬುಖಾರಾ ರೆಸ್ಟೋರೆಂಟು ಜಗತ್ಪ್ರಸಿದ್ಧ. ಐಟಿಸಿ 1986ರಲ್ಲಿ ನ್ಯೂಯಾರ್ಕ್‌ನಲ್ಲೂ ಬುಖಾರಾ ತೆರೆಯಿತು, ಆಮೇಲೆ ಷಿಕಾಗೋದಲ್ಲಿ ಫ್ರಾಂಚೈಸಿ ಕೊಟ್ಟಿತು, 1987ರಲ್ಲಿ ಅಮೆರಿಕದ ನೋಂದಣಿಯನ್ನೂ ಪಡೆಯಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ನ್ಯೂಯಾರ್ಕ್ ಅಂಗಡಿ 1991ರಲ್ಲಿ ಮುಚ್ಚಿತು, ಷಿಕಾಗೋ ಫ್ರಾಂಚೈಸಿ 1997ರಲ್ಲಿ ಮುಗಿಯಿತು. 1999ರಲ್ಲಿ ಮ್ಯಾನ್‌ಹಟನ್‌ನಲ್ಲಿ 'ಬುಖಾರಾ ಗ್ರಿಲ್' ಎದ್ದಿತು. ಅದೇ ಬಗೆಯ ಅಲಂಕಾರ, ಅದೇ ಬಗೆಯ ಮೆನು, ನಡೆಸುವವರಲ್ಲಿ ಹಳೆಯ ಬುಖಾರಾದಲ್ಲಿ ದುಡಿದವರೂ ಇದ್ದರು. ಐಟಿಸಿ ದಾವೆ ಹೂಡಿತು, ಸೋತಿತು. ಸತತ ಮೂರು ವರ್ಷ ಬಳಸದಿದ್ದರೆ ಹೆಸರು ಕೈಬಿಟ್ಟಂತೆ ಎಂಬುದು ಅಲ್ಲಿನ ಕಾನೂನಿನ ಊಹೆ. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ದೆಹಲಿಯ ಕೀರ್ತಿ ನ್ಯೂಯಾರ್ಕ್‌ನಲ್ಲಿ ನೆರವಿಗೆ ಬರಲಿಲ್ಲ.

ಚೀನಾದಲ್ಲಿಯೂ ಮೂರು ವರ್ಷ, ಯುರೋಪಿನಲ್ಲಿ ಐದು. ಅಮೆರಿಕದಲ್ಲಿ ನೋಂದಣಿಯಾದ ಐದನೆಯ ಮತ್ತು ಆರನೆಯ ವರ್ಷದ ನಡುವೆ 'ಬಳಸುತ್ತಿದ್ದೇವೆ' ಎಂಬ ಘೋಷಣೆಯನ್ನು ಪುರಾವೆ ಸಮೇತ ಕೊಡಬೇಕು. ಮ್ಯಾಡ್ರಿಡ್ ಮೂಲಕ ಹೋದವರಿಗೂ ಇದು ಬಿಟ್ಟಿಲ್ಲ. ಹತ್ತು ವರ್ಷದ ನವೀಕರಣ ನೆನಪಿಟ್ಟುಕೊಂಡು ಇದನ್ನು ಮರೆಯುವವರೇ ಹೆಚ್ಚು. ಪ್ರತಿ ದೇಶಕ್ಕೆ ಒಂದು ಫೈಲು ಮಾಡಿ: ಬಿಲ್ಲು, ಶಿಪ್ಪಿಂಗ್ ಕಾಗದ, ಅಂಗಡಿ ಕಪಾಟಿನ ಫೋಟೋ, ಜಾಹೀರಾತು, ಎಲ್ಲಕ್ಕೂ ತಾರೀಖು.

14. ವೃತ್ತದೊಳಗಿನ ಆರ್

ಹೆಸರು ನೋಂದಣಿಯಾಗಿದೆ ಎಂದು ಹೇಳುವ ® ಚಿಹ್ನೆಯನ್ನು ನೋಂದಣಿ ಆಗದ ದೇಶದಲ್ಲಿ ಮುದ್ರಿಸಬೇಡಿ, ಹಲವು ಕಡೆ ಅದು ಅಪರಾಧ. ಎಲ್ಲ ದೇಶಕ್ಕೂ ಒಂದೇ ಪೊಟ್ಟಣ ಕಳಿಸುವವರು ಟಿಎಂ ಎಂದು ಹಾಕಿ ಸುಮ್ಮನಿರಿ.

15. ಕಸ್ಟಮ್ಸ್‌ಗೂ ಒಂದು ಅರ್ಜಿ

ನೋಂದಣಿ ಕೈಗೆ ಬಂದ ಮೇಲೆ ಅಮೆರಿಕ, ಯುರೋಪ್, ಚೀನಾದಲ್ಲಿ ಅದನ್ನು ಕಸ್ಟಮ್ಸ್‌ನಲ್ಲೂ ದಾಖಲಿಸಬಹುದು. ಚೀನಾದ ಕಸ್ಟಮ್ಸ್ ಹೊರಹೋಗುವ ಮಾಲನ್ನೂ ತಡೆಯುತ್ತದೆ ಎಂಬುದು ವಿಶೇಷ. ನಕಲಿ ಡಬ್ಬಿ ಗಲ್ಫ್‌ನ ಅಂಗಡಿ ತಲುಪುವ ಮುನ್ನ ಅದು ಹೊರಟ ಬಂದರಿನಲ್ಲೇ ಹಿಡಿಯಬಹುದು.

16. ಚಂದದ ಪತ್ರ ಬಂದರೆ ಹಣ ಕಟ್ಟಬೇಡಿ

ನಿಮ್ಮ ಅರ್ಜಿ ಪ್ರಕಟವಾದ ಕೆಲವೇ ವಾರಗಳಲ್ಲಿ ಯುರೋಪಿನಿಂದ ಒಂದು ಲಕೋಟೆಯೋ ಇಮೇಲೋ ಬರುತ್ತದೆ. ಮೇಲೆ ಸರ್ಕಾರಿ ಮುದ್ರೆಯಂಥ ಚಿತ್ರ, ನಿಮ್ಮ ಲೋಗೋ, ಸರಿಯಾದ ಅರ್ಜಿ ನಂಬರ್, ಕೆಳಗೆ 'ನೋಂದಣಿ ಶುಲ್ಕ' ಎಂದು ಸಾವಿರಾರು ಯೂರೋ ಅಥವಾ ಡಾಲರ್. ಪ್ರಕಟವಾದ ದಾಖಲೆಯಿಂದ ವಿವರ ಎತ್ತಿ ಕಳಿಸುವ ವಂಚಕರಿವರು. ವೈಪೋ ಮತ್ತು ಯುರೋಪಿನ ಕಚೇರಿ ಎರಡೂ ಇಂಥ ಪತ್ರಗಳ ಮಾದರಿಗಳನ್ನೇ ತಮ್ಮ ವೆಬ್‌ಸೈಟಿನಲ್ಲಿ ಹಾಕಿ ಎಚ್ಚರಿಸಿವೆ. ಕಚೇರಿಯಲ್ಲಿ ಬಿಲ್ಲು ಪಾಸು ಮಾಡುವ ಅಕೌಂಟೆಂಟ್‌ಗೆ ಇದನ್ನು ಇವತ್ತೇ ಹೇಳಿಡಿ. ಲೋಗೋ, ನಂಬರ್ ಎಲ್ಲ ಸರಿಯಾಗಿರುವುದರಿಂದ ಮಾಲೀಕರನ್ನು ಕೇಳದೆ ಹಣ ಕಟ್ಟಿಬಿಡುವುದು ಅವರೇ. ನಿಮ್ಮ ವಕೀಲರ ಮೂಲಕ ಬಾರದ ಯಾವುದೇ ಬೇಡಿಕೆಯನ್ನು ಮೊದಲು ಅದೇ ವಕೀಲರಿಗೆ ಕಳಿಸಿ ಕೇಳಿ.